ಅಜ್ಜನ ಅಂಗಾಲಿಗೆ ಹಾಲಿನ ಪ್ಯಾಕೆಟ್

ಬೆಳಗಾವಿಯಿಂದ ಬಂದು ಖಾನಾಪುರ ಬಸ್‌ ನಿಲ್ದಾಣದಲ್ಲಿ ಇಳಿದೆನಷ್ಟೆ, ಎದುರಿಗೇ ಒಬ್ಬ ಅಜ್ಜ ಬಿಸಿಲಿನ ಝಳಕ್ಕೆ ಕುಸಿದು ಬಿದ್ದರು. ಮೈ ಕಾದ ಹಂಚಿನಂತಿತ್ತು. ಹೆಸರು ಕೇಳಿದರೆ ಏನೇನೋ ತೊದಲಿದರು. ನೆರಳಿಗೆ ಎತ್ತಿ ಮಲಗಿಸಿದೆವು. ಜೊತೆಗಿದ್ದ ಅವರ ಹೆಂಡತಿ, ಅಜ್ಜಿ, ಗಾಬರಿಯಲ್ಲಿ ಅವರ ಬಾಯಿಗೆ ನೀರು ಹಾಕಹೋದರು.

“ಬ್ಯಾಡ್ರಿ ಅಜ್ಜಿ, ನೆತ್ತಿಗೆ ಏರತೈತಿ. ಮೊದಲ ಮೈ ತಣ್ಣಗ ಮಾಡೂಣು,” ಎಂದರು ನಮ್ಮ ಬಸ್ಸಿನಲ್ಲಿದ್ದ ನರ್ಸ್ ಒಬ್ಬರು, ಆಂಬುಲೆನ್ಸಿಗೆ ಫೋನ್ ಹಚ್ಚುತ್ತಲೇ. ನಿಲ್ದಾಣದ ಅಂಗಡಿಯಾಕೆ ಫ್ರೀಜರಿನಲ್ಲಿ ಮಂಜುಗಡ್ಡೆಯಾಗಿದ್ದ ಹಾಲಿನ ಪ್ಯಾಕೆಟ್‌ಗಳನ್ನು ಸೆರಗಿನಲ್ಲಿ ತುಂಬಿಕೊಂಡು ಓಡಿಬಂದರು. ಹಣೆಗಿಡಲು ಹೋದ ನನ್ನನ್ನು ತಡೆದು, ಬಟ್ಟೆ ಸುತ್ತಿ ಕೆನ್ನೆಗೆ, ಅಂಗೈಗೆ, ಅಂಗಾಲಿಗೆ ಒತ್ತಿ, ಅಲ್ಲಿಂದ ಮೈಯ ಕಾವು ಬೇಗ ಇಳಿಯುತ್ತದೆ ಎಂದರು ನರ್ಸ್. ನನ್ನ ಪಾಲಿಗೆ ಅಂಗಾಲು ಬಂತು. ಬೆರಳು ಮರಗಟ್ಟಿದರೂ ಬಿಡಲಿಲ್ಲ.

ಆಂಬುಲೆನ್ಸ್ ಸದ್ದು ಕೇಳುವ ಹೊತ್ತಿಗೆ ಅಜ್ಜ ಕಣ್ಣು ತೆರೆದು ನನ್ನನ್ನೇ ನೋಡಿದರು. “ಅಯ್ಯ, ನನ್ನ ಕಾಲು ಯಾಕ ಹಿಡದೀರಿ? ಬಿಡ್ರಿ!”

ಅಜ್ಜಿ ಅಳುತ್ತಲೇ ನಕ್ಕುಬಿಟ್ಟರು. “ಮಾತು ನೆಟ್ಟಗ ಬಂತ್ರೀ!”