ಮೂತಿ ಕೆಳಗೆ ಮಾಡಿ ನಿಲ್ಲಿಸಿದ ಬಸ್ಸು

ಡ್ರೈವರ್ ರಾಮಾಂಜಿನಯ್ಯನಿಗೆ ಬೇಕಾಗಿದ್ದದ್ದು ಒಂದೇ: ರಾತ್ರಿ ತನ್ನ ಮನೆಯಲ್ಲಿ ಮಲಗುವುದು. ಮನೆ ಕುಣಿಗಲ್ಲಿನಲ್ಲಿ. ಅವನು ಓಡಿಸುತ್ತಿದ್ದ ಖಾಸಗಿ ಬಸ್ಸು ಗುಬ್ಬಿ ಬಿಟ್ಟು, ತುಮಕೂರಿನ ಮೇಲೆ ಬಂದು ಹೆಬ್ಬೂರಿನಲ್ಲಿ ಹಾಲ್ಟ್. ಅದೇ ರಸ್ತೆ ಹಿಡಿದು ಹೋದರೆ ಕುಣಿಗಲ್ಲೇ, ಆದರೆ ಅಷ್ಟು ಹೊತ್ತಿಗೆ ಆ ಕಡೆಯ ಕೊನೇ ಬಸ್ಸು ಹೋಗಿರುತ್ತಿತ್ತು. ಎಪ್ಪತ್ತೆಂಟರ ಮಾತು ಇದು. ಸೀಟಿನ ಮೇಲೇ ಮಲಗಬೇಕು.

ಮಾಲೀಕ ರುದ್ರಯ್ಯನದೇ ಇನ್ನೊಂದು ಬಸ್ಸು ಕುಣಿಗಲ್ಲಿನಲ್ಲಿ ತಂಗುತ್ತಿತ್ತು. ಅದಕ್ಕೆ ಹಾಕಿ ಎಂದು ಕೇಳಿದ್ದಕ್ಕೆ ರುದ್ರಯ್ಯ ಇಲ್ಲ ಅನ್ನಲಿಲ್ಲ. ಈ ಗಾಡಿ ಬೆಳಿಗ್ಗೆ ಏಳುವುದು ನಿನ್ನ ಕೈಗೆ ಮಾತ್ರ, ಬೇರೆಯವನ ಕೈಗೂ ಎದ್ದ ದಿನ ಹೊರಡು ಅಂದ.

ಗಾಡಿಯ ಕಾಯಿಲೆ ಅಂಥದ್ದು. ಹಗಲಲ್ಲಿ ಮುಟ್ಟಿದರೆ ಸ್ಟಾರ್ಟು. ರಾತ್ರಿ ನಿಂತಿತೋ, ಬೆಳಿಗ್ಗೆ ಹಾಲಿನ ಕ್ಯಾನಿನವರು, ಕೋರ್ಟಿಗೆ ಹೋಗುವವರು ಎಲ್ಲ ಇಳಿದು ತಳ್ಳಬೇಕು. ಬ್ಯಾಟರಿ ಅಂದರು, ಬದಲಾಯಿಸಿದ್ದಾಯಿತು. ಆದರೂ ಅಷ್ಟೇ. ರಾಮಾಂಜಿನಯ್ಯ ಗಮನಿಸಿದ: ಸ್ಟಾರ್ಟರು ಜೋರಾಗೇ ತಿರುಗುತ್ತದೆ, ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲ. ಅಂದರೆ ಡೀಸೆಲ್ಲು ಎಂಜಿನ್ನಿಗೆ ಬರುತ್ತಿಲ್ಲ. ಅವನು ಕೈಪಂಪು ಒತ್ತಿ ಪೈಪಿನ ಗಾಳಿ ತೆಗೆದರೆ ಏಳುತ್ತಿತ್ತು.

ಒಂದು ಸಂಜೆ ಜಾಗವಿಲ್ಲದೆ ಕೆರೆ ಏರಿಯ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ. ಬೆಳಿಗ್ಗೆ ಉರುಳಿಸುವ ಮೊದಲೇ ಎದ್ದಿತು. ಮಾರನೇ ದಿನ ಸಮತಟ್ಟಿನಲ್ಲಿ ನಿಲ್ಲಿಸಿದರೆ ಮತ್ತೆ ಮುನಿಸು. ಆಗ ಅವನಿಗೆ ತಿಳಿಯಿತು: ಪೈಪಿನಲ್ಲಿ ಎಲ್ಲೋ ಗಾಳಿ ಸೇರಿ ಡೀಸೆಲ್ಲು ಹಿಂದಿನ ಟ್ಯಾಂಕಿಗೆ ಇಳಿದುಹೋಗುತ್ತಿದೆ. ಟ್ಯಾಂಕೇ ಮೇಲಿದ್ದರೆ ಇಳಿಯುವುದಿಲ್ಲ.

ಖುಷಿಯಿಂದ ಹೋಗಿ ಹೇಳಿದ. ಪೈಪು ಹಾಕಿಸಿ ಅಂದ.

"ಇಳಿಜಾರು ಪುಕ್ಸಟ್ಟೆ ಐತೆ, ಪೈಪ್ ಯಾಕ್ಲಾ?" ಅಂದ ರುದ್ರಯ್ಯ. ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲ, ಗಾಡಿ ಕೆರೆಗೆ ಹೋದೀತು, ದಿನಾ ರಾತ್ರಿ ಗಾಡಿಯೊಳಗೆ ನೀನೇ ಮಲಗಿ ಕಾಯಬೇಕು ಎಂದೂ ಸೇರಿಸಿದ. ಅಪರೂಪಕ್ಕೆ ಸಿಗುತ್ತಿದ್ದ ರಜೆಯೂ ಅಲ್ಲಿಗೆ ಮುಗಿಯಿತು.

ಹೆಂಡತಿ ರಂಗಲಕ್ಷ್ಮಮ್ಮ ಒಂದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಹೆಬ್ಬೂರಿಗೇ ಬಂದಳು. "ನೀನು ತಾಳಿ ಕಟ್ಟಿದ್ದು ನಂಗೋ ಈ ಬಸ್ಸಿಗೋ? ಅದುಕ್ಕಾದ್ರೆ ದಿನಾ ಮುಖ ತೋರುಸ್ತೀಯ." ಬುತ್ತಿ ಇಟ್ಟು ಹೊರಟೇಬಿಟ್ಟಳು.

ಮರುದಿನ ತುಮಕೂರಿನಲ್ಲಿ ಮಧ್ಯಾಹ್ನದ ಬಿಡುವಿಗೆ ಅವನು ಗಾಡಿಯಡಿ ತೂರಿದ. ಪೈಪಿನ ಜಾಯಿಂಟಿಗೆ ದಾರ ಸುತ್ತಿ ಬಟ್ಟೆ ಸೋಪು ಮೆತ್ತಿತ್ತು. ಸೋರುವ ಟ್ಯಾಂಕಿಗೆ ಸೋಪು ಮೆತ್ತುವುದು ನಮ್ಮ ಕಡೆಯ ಗ್ಯಾರೇಜುಗಳ ರೂಢಿ; ಅದನ್ನೇ ಯಾರೋ ಪೈಪಿಗೂ ಮಾಡಿದ್ದರು. ಸೋಪು ಒಣಗಿ ಬಿರುಕು ಬಿಟ್ಟಿತ್ತು, ಬಿರುಕಿನಲ್ಲಿ ಗಾಳಿ ನುಗ್ಗುತ್ತಿತ್ತು. ತನ್ನದೇ ದುಡ್ಡಿನಲ್ಲಿ ಪೈಪು ತಂದು ಹಾಕಿದ. ಅಂದು ಸಮತಟ್ಟಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಕಂಡಕ್ಟರ್ ಪುಟ್ಟರಂಗಯ್ಯನ ಕೈಲಿ ಸ್ಟಾರ್ಟ್ ಮಾಡಿಸಿದ. ಒಂದೇ ಸಲಕ್ಕೆ ಎದ್ದಿತು.

ತುಮಕೂರಿನ ಶೆಟ್ಟಿಹಳ್ಳಿಯ ತನ್ನ ಮನೆಯಲ್ಲಿ ರುದ್ರಯ್ಯ ಕಾಫಿ ಕೊಡಿಸಿದ, ಬೆನ್ನು ತಟ್ಟಿದ. ಗುಬ್ಬಿಯಲ್ಲಿ ತಂಗುವ ಗಾಡಿಯೂ ಬೆಳಿಗ್ಗೆ ಏಳುತ್ತಿಲ್ಲ, ನಾಳೆಯಿಂದ ಅಲ್ಲಿಗೆ ಹೋಗು ಅಂದ.

"ಮಾತು ಕೊಟ್ಟಿದ್ರಲ್ಲ ಯಜಮಾನ್ರೆ."

"ಇಲ್ಲ ಅಂದ್ನಾ? ಕುಣಿಗಲ್ ಗಾಡೀನ ಯಾವನಾದ್ರೂ ಓಡುಸ್ತಾನೆ. ನಿನ್ ಕೈ ಅಲ್ಯಾಕ್ಲಾ ವೇಸ್ಟಾಗ್ಬೇಕು? ಗುಬ್ಬೀದೂ ಎದ್ಬುಡ್ಲಿ, ಆಮೇಲೆ ನೋಡಾನ."

ಇದಕ್ಕೆ ನಮ್ಮೂರ ದೊಡ್ಡ ಮನುಷ್ಯರು ಇಟ್ಟಿರುವ ಹೆಸರು ಮೆಚ್ಚುಗೆ. ದನವನ್ನು ಗೂಟಕ್ಕೆ ಕಟ್ಟುವವನು ಹಗ್ಗವನ್ನಾದರೂ ಕಣ್ಣಿಗೆ ಕಾಣುವಂತೆ ಕಟ್ಟುತ್ತಾನೆ. ನಾವು ಪ್ಯಾಸೆಂಜರುಗಳೂ ಕಡಿಮೆಯಿಲ್ಲ. ಕಿಟಕಿ ಪಕ್ಕ ಕೂತು ಅವನ ಕೈಗುಣ ಹೊಗಳುತ್ತೇವೆ, ಅವನು ಎಲ್ಲಿ ಮಲಗಿದ್ದ ಎಂದು ಕೇಳುವುದಿಲ್ಲ.

ರಾಮಾಂಜಿನಯ್ಯ ಗುಬ್ಬಿಗೆ ಹೋದ. ಕುಣಿಗಲ್ಲು ಇನ್ನೂ ದೂರವಾಯಿತು. ಆ ಗಾಡಿಯ ಕಾಯಿಲೆ ಅವನಿಗೆ ಬೇಗನೇ ತಿಳಿಯಿತು. ಹೇಳಿದರೆ ಮುಂದಿನ ಕೆಟ್ಟ ಗಾಡಿಗೆ ಕಳಿಸುತ್ತಾರೆ; ಹೇಳದಿದ್ದರೆ ಇದರಲ್ಲೇ ಮಲಗಬೇಕು. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ, ಏನೂ ತಿಳಿಯದವನ ಹಾಗೆ ನಿಲ್ಲುತ್ತಿದ್ದ.