ಹೊರಗೆ ಹಾಕಿದ್ದ ಬೆಂಚು

ಮೊನ್ನೆ ಮೊನ್ನೆ ನಮ್ಮನೆ ರೇಷ್ಮೆ ಹುಳುಗಳನ್ನೆಲ್ಲ ನಾನೇ ಇನ್ನೇನು ಸಾಯಿಸಿಬಿಡುತ್ತಿದ್ದೆ. ವಿಷ ಹಾಕಿ ಅಲ್ಲ. ಒಂದು ವಾರ್ನಿಷ್ ಡಬ್ಬಿಯ ಮುಚ್ಚಳ ತೆಗೆದು.

ನಂಬ್ತೀರಾ? ಮದುವೆಯಾಗಿ ಜಂಗಮಕೋಟೆಗೆ ಬಂದಾಗಿನಿಂದ ಹುಳು ಸಾಕಿದವಳು ನಾನು. ಪೌಡರ್ ಬಳಿದುಕೊಂಡು ಹುಳುಮನೆಗೆ ಬಂದ ನೆಂಟರನ್ನ ಮುಖ ತೊಳೆದು ಬನ್ನಿ ಅಂತ ವಾಪಸ್ ಕಳಿಸಿದವಳು. ಊದುಬತ್ತಿ ಹಚ್ಚಿದ ಕೈಯಲ್ಲಿ ಸೊಪ್ಪು ಮುಟ್ಟಬೇಡಿ ಅಂತ ಕಟ್ಟಿಕೊಂಡ ಗಂಡನಿಗೇ ಗದರಿದವಳು. (ಅವರು ಬೀಡಿ ಬಿಟ್ಟಿದ್ದು ನನ್ನ ಮಾತಿಗಲ್ಲ, ಹುಳುಗಳಿಗೆ ಹೆದರಿ.) ಅಂಥವಳು, ಹುಳು ನಾಲ್ಕನೇ ಜ್ವರಕ್ಕೆ ಕೂತಿರುವಾಗ, ಗಾಳಿ ಹುಳುಮನೆ ಕಡೆಗೇ ಬೀಸುತ್ತಿರುವಾಗ, ಅಂಗಳದಲ್ಲಿ ಕೂತು ಡಬ್ಬಿ ತೆಗೆದೆ.

ಜ್ವರ ಅಂದರೆ ಕಾಯಿಲೆ ಅಲ್ಲ. ಹುಳು ಸೊಪ್ಪು ತಿನ್ನೋದು ಬಿಟ್ಟು, ತಲೆ ಎತ್ತಿಕೊಂಡು, ಹಳೇ ಚರ್ಮ ಕಳಚುವವರೆಗೂ ಅಲ್ಲಾಡದೆ ಕೂತಿರೋ ಹೊತ್ತು. ಆಗ ಅದಕ್ಕೆ ಕೆಟ್ಟ ವಾಸನೆ ತಾಕಿದರೆ ಮುಗೀತು.

ಮಗ ಮಂಜು ಹುಳುಮನೆಯಿಂದ ಓಡಿ ಬಂದ. "ಅಮ್ಮಾ, ಮುಚ್ಚಮ್ಮ ಅದನ್ನ. ನಿನಗೇನಾಗಿದೆ?"

ಏನಾಗಿತ್ತು ಅಂತ ಹೇಳ್ತೀನಿ. ನಾನು ಅಜ್ಜಿ ಆಗಿದ್ದೆ.

ಮಂಜುಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಕೂಸು. ಹೆಣ್ಣು ಮಗು. ಸೊಸೆ ರೂಪ ಬಾಣಂತನಕ್ಕೆ ಚಿಂತಾಮಣಿಯ ತವರುಮನೆಯಲ್ಲಿದ್ದಳು. ಐದನೇ ತಿಂಗಳಲ್ಲಿ ಮಗು ಕರ್ಕೊಂಡು ಬರ್ತೀವಿ ಅಂತ ಫೋನ್ ಬಂತು ನೋಡಿ, ಅವತ್ತಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾಫಿಗೆ ಉಪ್ಪು ಹಾಕಿದೆ. ಬಸ್ಸಲ್ಲಿ ಗುರುತಿಲ್ಲದವರಿಗೆಲ್ಲ ಮೊಬೈಲ್ ಹಿಡಿದು ಫೋಟೋ ತೋರಿಸಿದೆ. ಕಂಡಕ್ಟರ್‌ಗೂ ತೋರಿಸಿದೆ. ಮೂಗು ನಿಮ್ಮದೇ ಅಜ್ಜಿ ಅಂದ. (ಒಳ್ಳೇ ಹುಡುಗ.)

ಮಗು ಬಂದರೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಬೇಕು. ಎಳೆಬಿಸಿಲು ಕಾಯಿಸಬೇಕು. ಎಲ್ಲಿ ಮಲಗಿಸಿಕೊಳ್ಳೋದು? ನಾನು ನೆಲದ ಮೇಲೆ ಕೂತರೆ ಎಬ್ಬಿಸೋಕೆ ಇಬ್ಬರು ಬೇಕು. ಆಗ ಬೆಂಚು ನೆನಪಾಯಿತು.

ಆ ಬೆಂಚಿನ ಕತೆ ಸಂತೋಷದ್ದಲ್ಲ.

ಬಾವಿ ಪಕ್ಕದ ಹಲಸಿನ ಮರ ಗಾಳಿಗೆ ಬಿದ್ದಾಗ ನಮ್ಮ ಯಜಮಾನರು ಹಲಗೆ ಕುಯ್ಯಿಸಿ ಮಾಡಿಸಿದ ಬೆಂಚು ಅದು. ಬಾಗಿಲ ಪಕ್ಕದಲ್ಲೇ ಇತ್ತು. ಹುಳುಗಳಿಗೆ ಬೆಳಗಿನ ಸೊಪ್ಪು ಹಾಕಿ ಬಂದು ಅದರ ಮೇಲೆ ಕಾಲು ಚಾಚಿ ಕೂತು ಕಾಫಿ ಕುಡಿಯೋರು. ಅವರು ಹೋದ ದಿನ, ಬಂದ ಜನ ನೋಡಲಿ ಅಂತ ಅದರ ಮೇಲೇ ಮಲಗಿಸಿದೆವು.

ನಮ್ಮಲ್ಲಿ ಸತ್ತವರನ್ನ ಮಲಗಿಸಿದ ಸಾಮಾನು ಮತ್ತೆ ಬಾಗಿಲಿಗೆ ಬರೋ ಹಾಗಿಲ್ಲ. ಚಾಪೆ ಆದರೆ ಸುಟ್ಟುಬಿಡ್ತಾರೆ. ಆ ಬೆಂಚು ಸುಡೋಕೆ ಯಾರಿಗೂ ಮನಸ್ಸು ಬರಲಿಲ್ಲ. ಹೊತ್ತುಕೊಂಡು ಹೋಗಿ ಬೇಲಿ ಪಕ್ಕದ ಬೇವಿನ ಮರದ ಕೆಳಗೆ ಹಾಕಿ ಬಂದರು. ಮಳೆಗೂ ಅಲ್ಲೇ, ಬಿಸಿಲಿಗೂ ಅಲ್ಲೇ. ಕೋಳಿ ಕೂತವು, ಕಾಗೆ ಕೂತವು. ಮನುಷ್ಯರು ಯಾರೂ ಕೂರಲಿಲ್ಲ. (ನಾನೂ.) ಹೋಗ್ತಾ ಹೋಗ್ತಾ ಮರವೆಲ್ಲ ಬೂದಿ ಬಣ್ಣಕ್ಕೆ ತಿರುಗಿ, ಬಿರುಕು ಬಿಟ್ಟು, ಸಿಬಿರು ಎದ್ದಿತು.

ಒಂದು ಮಾತು ಕೇಳ್ತೀನಿ. ಅವರು ಕೊನೆಯುಸಿರು ಬಿಟ್ಟ ಕೋಣೆಯನ್ನ ನಾವು ಬಿಟ್ಟೆವಾ? ಸಾರಿಸಿ ಗುಡಿಸಿ ಅಲ್ಲೇ ಮಲಗ್ತೀವಿ. ಅವರು ಕಟ್ಟುತ್ತಿದ್ದ ವಾಚನ್ನ ಮಂಜು ಇವತ್ತಿಗೂ ಕಟ್ಟುತ್ತಾನೆ. ಬೆಂಚು ಏನು ಮಾಡಿತ್ತು? ಅವರ ಭಾರವನ್ನ ಕೊನೇ ಸಲ ಹೊತ್ತಿತ್ತು, ಅಷ್ಟೇ.

"ಬೇಡಮ್ಮ" ಅಂದ ಮಂಜು. "ನಮ್ಮತ್ತೆ ನೋಡಿದ್ರೆ ಮಗೂನ ಎತ್ಕೊಂಡು ವಾಪಸ್ ಬಸ್ ಹತ್ತುತ್ತಾರೆ."

ಅವನು ಹೇಳಿದ್ದು ಸುಳ್ಳಲ್ಲ. ಅವನತ್ತೆ, ಅಂದರೆ ನನ್ನ ಬೀಗಿತ್ತಿ ನರಸಮ್ಮ, ಸಂಬಂಧ ಮಾತಾಡೋಕೆ ಮೊದಲ ಸಲ ನಮ್ಮನೆಗೆ ಬಂದಾಗ, ನೆರಳಿದೆ ಅಂತ ಅದೇ ಬೆಂಚಿನ ಮೇಲೆ ಕೂರೋಕೆ ಹೋಗಿದ್ದರು. ಪಕ್ಕದ ಮನೆಯವರು ತಡೆದು ಕಾರಣ ಹೇಳಿದರು. ಕೂರದೇ ಇದ್ದರೂ ನರಸಮ್ಮ ಸೆರಗನ್ನ ಝಾಡಿಸಿ ಝಾಡಿಸಿ ಕೊಡವಿಕೊಂಡಿದ್ದು ಇನ್ನೂ ನನ್ನ ಕಣ್ಣಲ್ಲಿದೆ.

"ಪ್ಲಾಸ್ಟಿಕ್ ಮಂಚ ತರ್ತೀನಿ" ಅಂದ ಮಂಜು. ನಾನು ಮಾತಾಡಲಿಲ್ಲ. ನಾನು ಮಾತಾಡದಿದ್ದರೆ ಅವನಿಗೆ ಭಯ. ಕೊನೆಗೆ ಅವನೇ ಒಂದು ದಾರಿ ಹುಡುಕಿದ. "ಕಡು ಕಂದು ವಾರ್ನಿಷ್ ಹೊಡೆಯೋಣ. ಗುರುತೇ ಸಿಗಲ್ಲ. ಅಂಗಡಿಯಿಂದ ಹೊಸದು ತಂದ್ವಿ ಅನ್ನೋಣ. ಆದ್ರೆ ಹುಳು ಗೂಡು ಕಟ್ಟಿ ಮುಗೀಲಿ, ಅಲ್ಲೀವರೆಗೆ ಡಬ್ಬಿ ಮುಟ್ಟಬೇಡ."

ನನಗೆ ಅಷ್ಟು ತಾಳ್ಮೆ ಎಲ್ಲಿ? ಮುಟ್ಟಿದೆ.

ಪುಣ್ಯಕ್ಕೆ ಮಂಜು ಬೇಗ ಬಂದ. ಹುಳುಗಳಿಗೆ ಏನೂ ಆಗಲಿಲ್ಲ. ಮಾರನೇ ದಿನ ಜ್ವರ ಬಿಟ್ಟು ಎದ್ದು ಸೊಪ್ಪು ಮೇಯ್ದವು. ಆದರೆ ಆ ಮಾರನೇ ದಿನದವರೆಗೆ ನಾನು ಹುಳುಮನೆ ಬಾಗಿಲಲ್ಲೇ ಕೂತಿದ್ದೆ. ಕೂತವಳಿಗೆ ಯೋಚನೆ ಬಂತು. ಹುಳುವಿಗೆ ಆಗದ ವಾಸನೆ ಕೂಸಿಗೆ ಹೇಗೆ ಆಗುತ್ತೆ? ಸಿಕ್ಕಿದ್ದನ್ನೆಲ್ಲ ಬಾಯಿಗಿಡೋ ವಯಸ್ಸು. ಇನ್ನೊಂದು, ಆ ವಾರ್ನಿಷ್ ಮರದ ಅಂದಕ್ಕೆ ತಂದದ್ದಲ್ಲ. ಮುಚ್ಚಿಡೋಕೆ ತಂದದ್ದು. ಮೊಮ್ಮಗಳು ನನ್ನ ಮನೆಗೆ ಕಾಲಿಡೋ ದಿನ ಮೊದಲ ಮಾತೇ ಸುಳ್ಳಾಗಬೇಕಾ?

ಡಬ್ಬಿ ತಗೊಂಡು ಶಿಡ್ಲಘಟ್ಟದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಲ್ಲಿನ ಸಾಬರು ಕೇಳಿದರು, "ಏನಮ್ಮಾ, ಕಲರ್ ಚೆನ್ನಾಗಿಲ್ವಾ?"

"ಕಲರ್ ಬೇಡಪ್ಪ. ಮಗು ನೆಕ್ಕಿದ್ರೂ ಏನೂ ಆಗದಂಥದ್ದು ಬೇಕು."

"ನೆಕ್ಕೋದಕ್ಕೆ ನಮ್ಮ ಅಂಗಡಿಯಲ್ಲಿ ಏನೂ ಇಲ್ಲಮ್ಮಾ" ಅಂತ ನಕ್ಕರು. ಮರ ಉಜ್ಜೋ ಉಪ್ಪು ಕಾಗದ ಕೊಟ್ಟರು, ಒರಟಿಂದ ನಯದವರೆಗೆ ಒಂದೊಂದು ತರಹದ್ದು. ಆಮೇಲೆ ಗಾಣದ ಕಡೆ ಕೈ ತೋರಿಸಿ, ಅಗಸೆ ಎಣ್ಣೆ ತಗೊಂಡು ಹೋಗಿ ತೆಳ್ಳಗೆ ಹಚ್ಚಿ ಅಂದರು.

ಮೊದಲು ತೆಂಗಿನ ನಾರು ಹಾಕಿ ತಿಕ್ಕಿ ತೊಳೆದೆ. ಕೋಳಿ ಹಿಕ್ಕೆ, ಪಾಚಿ ಎಲ್ಲ ಹೋಯಿತು. ಮರ ಚೆನ್ನಾಗಿ ಒಣಗೋವರೆಗೆ ನೆರಳಲ್ಲಿ ಬಿಟ್ಟೆ. ಬಿಸಿಲಿಗೆ ಹಾಕಿದರೆ ಇನ್ನೂ ಸೀಳುತ್ತೆ. ಎದ್ದಿದ್ದ ಮೊಳೆಗಳನ್ನ ಮಂಜು ಬಡಿದು ಕೂರಿಸಿದ. ಆಮೇಲೆ ಸ್ಟೂಲ್ ಹಾಕಿಕೊಂಡು ಉಜ್ಜೋಕೆ ಕೂತೆ. ಮರದ ಎಳೆ ಹೋದ ಕಡೆಗೇ ಉಜ್ಜಬೇಕು, ಅಡ್ಡಡ್ಡ ಉಜ್ಜಿದರೆ ಗೀರು ಬೀಳುತ್ತೆ. ಬೂದಿ ಬಣ್ಣ ಪುಡಿ ಪುಡಿಯಾಗಿ ಉದುರಿತು.

ಅದರ ಕೆಳಗೆ ಏನಿತ್ತು ಗೊತ್ತಾ? ಹಳದಿ. ಹಲಸಿನ ಮರ ಅಲ್ಲವಾ, ಒಳಗೆ ಅಚ್ಚ ಅರಿಶಿನದ ಬಣ್ಣ. ಇಷ್ಟು ಮಳೆ, ಇಷ್ಟು ಬಿಸಿಲು ತಿಂದು ಮೇಲೆ ಸತ್ತಂತಿದ್ದದ್ದು ಒಳಗೆ ಹಾಗೇ ಇತ್ತು. ಉಜ್ಜಿದ ಹಾಗೆಲ್ಲ ಪುಡಿ ಎದ್ದು ನನ್ನ ಕೈಗೆ ಹತ್ತಿತು. ಬೆರಳಿಗೆ, ಅಂಗೈಗೆ, ಮೊಣಕೈವರೆಗೆ.

ಅವರು ಹೋದ ಮೇಲೆ ನನ್ನ ಕೈಗೆ ಯಾರೂ ಅರಿಶಿನ ಕೊಟ್ಟಿರಲಿಲ್ಲ. ಅವತ್ತು ಕೈ ತೊಳೆಯೋಕೆ ಸ್ವಲ್ಪ ತಡ ಮಾಡಿದೆ.

ನಯ ಆಯ್ತಾ ಇಲ್ವಾ ಅಂತ ನೋಡೋದು ಹೇಗೆ? ನನ್ನ ಕೈ ನಂಬೋ ಹಾಗಿಲ್ಲ. ಸೊಪ್ಪು ಕೊಯ್ದು ಕೊಯ್ದು ಬೆರಳೆಲ್ಲ ಒರಟು, ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ಹೋದ ಬೆಳೆಯ ಗೂಡು ಬಿಡಿಸುವಾಗ ಉಳಿದಿದ್ದ ಒಂದು ಹಿಡಿ ರೇಷ್ಮೆ ಎಳೆ ತಂದೆ. ಅದನ್ನ ಹಲಗೆ ಮೇಲೆ ಮೆಲ್ಲಗೆ ಎಳೆದೆ. ಒಂದು ಕಡೆ ಸಿಕ್ಕಿಕೊಂಡಿತು. ಅಲ್ಲಿ ಉಜ್ಜಿದೆ. ಮತ್ತೆ ಎಳೆದೆ. ಇನ್ನೊಂದು ಕಡೆ ಸಿಕ್ಕಿಕೊಂಡಿತು. ರೇಷ್ಮೆ ಈ ತುದಿಯಿಂದ ಆ ತುದಿಗೆ ಎಲ್ಲೂ ನಿಲ್ಲದೆ ಜಾರಿಹೋಗೋವರೆಗೆ ಬಿಡಲಿಲ್ಲ. ಕೂಸಿನ ಬೆನ್ನು ಅದಕ್ಕಿಂತ ಮೃದು.

ಆಮೇಲೆ ನನ್ನದೇ ಹಳೇ ಸೀರೆ ತುಂಡಲ್ಲಿ ಎಣ್ಣೆ. ಹಚ್ಚೋದು, ಮೇಲೆ ನಿಂತಿದ್ದನ್ನ ಒರೆಸೋದು, ಒಣಗೋಕೆ ಬಿಡೋದು, ಮತ್ತೆ ಹಚ್ಚೋದು. ಮರ ಕುಡೀತು. ಬಣ್ಣ ಜೇನಿನ ಹಾಗೆ ಗಾಢವಾಯಿತು. ಬೆಂಚನ್ನ ಮತ್ತೆ ಬಾಗಿಲ ಪಕ್ಕಕ್ಕೆ ತಂದು ಹಾಕಿಸಿದೆ.

ಮಗು ಬಂತು. ಆರತಿ ಎತ್ತಿದೆ. ಆ ಗಡಿಬಿಡಿಯಲ್ಲಿ ಬೆಂಚನ್ನ ಯಾರೂ ಗಮನಿಸಲಿಲ್ಲ. ಒಳಗೆ ಬಂದವರೆಲ್ಲ ಕಾಫಿ ಕುಡಿದು ಹೊರಗೆ ಬಂದಾಗ ನರಸಮ್ಮನ ಕಣ್ಣು ಬಾಗಿಲ ಪಕ್ಕಕ್ಕೆ ಹೋಯಿತು. ನಿಂತಲ್ಲೇ ನಿಂತರು. ಕೋಪ ಬಂದರೆ ಅವರಿಗೆ ತೆಲುಗು ಬರುತ್ತೆ. (ವದಿನಾ ಅಂದರೆ ಅತ್ತಿಗೆ.)

"ವದಿನಾ, ಇದಿ ಆ ಬಲ್ಲೇ ಕದಾ?"

"ಹೂಂ. ಅದೇ ಬೆಂಚು" ಅಂದೆ. "ಬೇವಿನ ಮರದ ಕೆಳಗಿದ್ದದ್ದು. ಅವರನ್ನ ಮಲಗಿಸಿದ್ದದ್ದು. ಮಗೂಗೆ ಎಣ್ಣೆ ಹಚ್ಚೋಕೆ ಅಂತ ಸರಿ ಮಾಡಿದೆ."

ಮಂಜು ತನ್ನ ಚಪ್ಪಲಿ ನೋಡಿಕೊಂಡು ನಿಂತ.

"ಉಜ್ಜಿಬಿಟ್ರೆ ಆಗೋಯ್ತಾ ವದಿನಾ? ಸಾವಿನ ಸಾಮಾನು. ಹಸುಗೂಸು ಇದು. ದೊಡ್ಡೋರು ನೀವು, ನಿಮಗೆ ನಾನು ಹೇಳಬೇಕಾ?" ಅಂದರು, ಇದೂ ತೆಲುಗಲ್ಲೇ.

ನನಗೆ ಕೋಪ ಬರಲಿಲ್ಲ. ಯಾಕೆ ಬರಬೇಕು? ಈ ಕೂಸಿಗಾಗಿ ನಾನು ಕೈಮುಗಿದ ದೇವರಿಗೆಲ್ಲ ಅವರೂ ಮುಗಿದಿದ್ದಾರೆ. ಹೆದರಿಕೆಯೂ ಪ್ರೀತಿಯದ್ದೇ. ಸೊಸೆ ಕಡೆ ತಿರುಗಿದೆ. "ನಿನ್ನ ಮಗು ಕಣಮ್ಮ. ನೀನು ಬೇಡ ಅಂದ್ರೆ ಇವತ್ತೇ ಎತ್ತಿಸಿ ಮರದ ಕೆಳಗೆ ಹಾಕಿಸ್ತೀನಿ. ಮತ್ತೆ ಕೇಳಲ್ಲ."

ಹೇಳಿದ್ದು ಸುಲಭ. ಬೆಂಚಿನ ಮೇಲಿಟ್ಟ ಕೈ ಮಾತ್ರ ತೆಗೆದಿರಲಿಲ್ಲ.

ರೂಪ ನಮ್ಮ ಯಜಮಾನರನ್ನ ನೋಡಿದವಳೇ ಅಲ್ಲ. ಅವಳು ಬರೋ ಹೊತ್ತಿಗೆ ಅವರು ಗೋಡೆ ಮೇಲಿನ ಫೋಟೋ. ಮಗೂನ ಹೆಗಲಿಗೆ ಹಾಕಿಕೊಂಡು ಬಂದು ಹಲಗೆ ಮೇಲೆ ಕೈ ಆಡಿಸಿದಳು. ಈ ತುದಿಯಿಂದ ಆ ತುದಿಗೆ.

"ಅತ್ತೆ, ಮಾವನ ತಲೆ ಯಾವ ಕಡೆ ಇತ್ತು?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನ ಹಾಗೆ ಕೇಳಿರಲಿಲ್ಲ. "ಹುಳುಮನೆ ಕಡೆ" ಅಂದೆ.

"ಹಾಗಾದ್ರೆ ಇವಳ ತಲೆ ಈ ಕಡೆ ಇರಲಿ. ಅವರು ಮಲಗಿದ ಹಾಗೆ ಮಲಗಿಸೋದು ಬೇಡ. ಅಮ್ಮಾ, ಇಷ್ಟಾದ್ರೆ ಆಗುತ್ತಲ್ವಾ?"

ನರಸಮ್ಮ ಬೆಂಚು ನೋಡಿದರು, ಮಗಳನ್ನ ನೋಡಿದರು. ಆಮೇಲೆ ಬ್ಯಾಗಿಗೆ ಕೈ ಹಾಕಿ ಮಡಿಕೆ ಬಿಚ್ಚದ ಒಂದು ಟವೆಲ್ ತೆಗೆದರು. "ಬರೀ ಹಲಗೆ ಮೇಲೆ ಬೇಡ. ಇದನ್ನ ಹಾಸು" ಅಂದರು. ತೆಲುಗಲ್ಲಿ ಅಲ್ಲ, ಕನ್ನಡದಲ್ಲಿ.

ಸಂಜೆ ಚಿಂತಾಮಣಿ ಬಸ್ ತಡವಾಯಿತು. ನರಸಮ್ಮ ಕಾಲು ನೋವು ಅಂತ ಆ ಬೆಂಚಿನ ತುದಿಯಲ್ಲೇ ಕೂತರು. ಎದ್ದಾಗ ಸೆರಗು ಝಾಡಿಸಿಕೊಳ್ಳಲಿಲ್ಲ. (ನಾನು ನೋಡ್ತಾನೇ ಇದ್ದೆ.)

ಈಗ ದಿನಾ ಬೆಳಿಗ್ಗೆ ನಮ್ಮ ಪುಟ್ಟಮ್ಮ ಅಲ್ಲಿ ಮಲಗ್ತಾಳೆ. ಎಣ್ಣೆ ಹಚ್ಚಿಸಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಎರಡೂ ಕಾಲಲ್ಲಿ ಹಲಗೆಯನ್ನ ಧಬಧಬ ಒದೀತಾಳೆ. ತಲೆ ಈ ಕಡೆ ಅಂದಮೇಲೆ ಕಾಲು ಆ ಕಡೆ ತಾನೇ? ಮೊನ್ನೆ ಪಕ್ಕದ ಮನೆಯವರು ಬೇಲಿ ಆಚೆಯಿಂದ ನೋಡಿ, ತಾತನ ತಲೆ ಇದ್ದ ಜಾಗಕ್ಕೆ ಒದೀತಿದ್ದಾಳಲ್ಲ, ದೊಡ್ಡವರಿಗೆ ಅವಮಾನ ಅಲ್ವಾ ಅಂದರು.

ಮೊಮ್ಮಗಳು ತಲೆಗೆ ಒದ್ದರೆ ಬೇಡ ಅನ್ನೋ ತಾತನನ್ನ ನೀವು ಎಲ್ಲಾದರೂ ನೋಡಿದ್ದೀರಾ?