ವಿಲಾಯತಿ ಬಾಯಿಯವರ ಮರೆವಿನ ಪರೀಕ್ಷೆ

ನಾನು ಮೊದಲ ಸಲ ಮನೆ ಬಿಟ್ಟದ್ದು ನಾಗರಪಂಚಮಿಯ ದಿನ, ಏಳನೇ ಇಯತ್ತೆಯನ್ನು ಅರ್ಧಕ್ಕೇ ಬಿಟ್ಟು. ಮುಂದೆ ಬೆಂಗಳೂರಿನ ಡಾಕ್ಟರರೂ ವಿಲಾಯತಿ ಡಾಕ್ಟರರೂ ಸೇರಿ ಮುಪ್ಪಿನ ಮರೆವಿನ ಸಂಶೋಧನೆ ನಡೆಸಿದಾಗ, ಅವರಲ್ಲಿ ನಾವು ವಿಲಾಯತಿ ಬಾಯಿಯವರು ಎನ್ನುತ್ತಿದ್ದ ಡಾಕ್ಟರಮ್ಮನಿಗೆ ಜೀಪು ಓಡಿಸುತ್ತ, ಹರಕು ಇಂಗ್ಲಿಷಿನಲ್ಲಿ ಊರವರ ಮಾತೂ ತಿಳಿಸುತ್ತಿದ್ದೆ.

ಮೋಟೆಬೆನ್ನೂರಿನ ಅಜ್ಜಿಯೊಬ್ಬಳಿಗೆ ಗಂಡನ ಹೆಸರು ಕೇಳಿದೆವು. ಅಜ್ಜಿ ತುಟಿ ಬಿಚ್ಚಲಿಲ್ಲ.

“ನಾ ಹೇಳಿರಲಿಲ್ಲೇನ್ರಿ? ನಮ್ಮ ಅತ್ತೀಗೆ ಮರವು! ತಿಜೋರಿ ಕೀಲಿ ನನಗ ಕೊಡಸ್ರಿ,” ಎಂದು ಸೊಸೆ ಕೈ ಚಾಚಿದಳು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲವೆಂದು ಬಾಯಿಯವರಿಗೆ ತಿಳಿಸಿದೆ. ಅವರು ನಂಬದೆ, “ನನ್ನ ಗಂಡ ಪೀಟರ್. ಇಷ್ಟೇ!” ಎಂದು ಹೇಳಿ ತೋರಿಸಿದರು.

ನಾನು ಅದನ್ನು ಕನ್ನಡದಲ್ಲಿ ತಿಳಿಸಿದಾಗ ಅಜ್ಜಿ ಗಾಬರಿಯಾದಳು. “ಅಯ್ಯ ಶಿವನ! ತಮ್ಮಾ, ಮದಲ ಈಕೀ ತಲಿಗೆ ಔಷಧ ಕೊಡಸೋ!”

ಬಾಯಿಯವರು ನಕ್ಕು ಆ ಪ್ರಶ್ನೆಯನ್ನೇ ಹೊಡೆದುಹಾಕಿದರು. ಕೀಲಿ ಅಜ್ಜಿಯ ಸೊಂಟದಲ್ಲೇ ಉಳಿಯಿತು.

ರಾಣೆಬೆನ್ನೂರಿನಲ್ಲಿರುವ ನನ್ನ ಹೆಂಡತಿಯೂ ನನ್ನ ಹೆಸರು ಹೇಳುವುದಿಲ್ಲ. ಅದು ಪದ್ಧತಿಯೋ, ಸದಾ ಮನೆ ಬಿಟ್ಟು ತಿರುಗುವವನ ಮೇಲಿನ ಸಿಟ್ಟೋ ಎಂದು ಕೇಳುವ ಧೈರ್ಯವಾಗದೆ, ಮನೆಗೆ ಬಂದವನು ಮತ್ತೆ ಚೀಲ ತುಂಬತೊಡಗಿದೆ.